ಯಂತ್ರದಂಗಡಿ ಪ್ರಶ್ನೋತ್ತರ: ಗೇರ್‌ಬಾಕ್ಸ್ ಹೊರಗೆ ಹೋದಮೇಲೆ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಹೊರಗಿನಿಂದ ಕೊಂಡ ಮಾಲು, ಒಳಗಿನವರ ಕೆಲಸದ ಲೆಕ್ಕ. ಮೊದಲನೆಯ ಪತ್ರಕ್ಕೆ ಉತ್ತರ ಉದ್ದವಾಗಿದೆ. ಅದು ನನ್ನದೇ ಕತೆಯೂ ಹೌದು, ಹಾಗಾಗಿ ಸಹಿಸಿಕೊಳ್ಳಿ.

ಪ್ರಶ್ನೆ: ನಮಸ್ಕಾರ ಸರ್. ನಾನು ವಿಜಯಪುರ ಜಿಲ್ಲೆಯವನು. ಪುಣೆಯ ಭೋಸರಿಯಲ್ಲಿ ಮಷಿನ್ ಕಟ್ಟುವ ಒಂದು ಕಂಪನಿಯಲ್ಲಿ 19 ವರ್ಷದಿಂದ ಅಸೆಂಬ್ಲಿ ಫಿಟ್ಟರ್ ಆಗಿದ್ದೇನೆ. ಮೂರು ವರ್ಷದ ಹಿಂದೆ ಗೇರ್‌ಬಾಕ್ಸ್, ಸ್ಪಿಂಡಲ್ ಎರಡನ್ನೂ ಹೊರಗೆ ಮಾಡಿಸಲು ಶುರು ಮಾಡಿದರು. ಆಗ 40 ಜನ ಇದ್ದೆವು, ಈಗ 30. ಮೀಟಿಂಗಿನಲ್ಲಿ ಗ್ರಾಫ್ ತೋರಿಸಿ, ತಲೆಗೆ 6 ಲಕ್ಷ ಇದ್ದ ಮಾರಾಟ ಈಗ 10 ಲಕ್ಷ ಆಗಿದೆ ಎಂದು ಚಪ್ಪಾಳೆ ಹೊಡೆಸಿದರು. ಹಾಗಾದರೆ ಹೊಸ ಅಗ್ರಿಮೆಂಟಿನಲ್ಲಿ ನಮಗೂ ಏರಿಸಿ ಎಂದರೆ, "ನೀವೇನು ಜಾಸ್ತಿ ಮಾಡಿದಿರಿ? ಅರ್ಧ ಮಾಲು ಹೊರಗಿನದು" ಎನ್ನುತ್ತಾರೆ. ಎರಡರಲ್ಲಿ ಯಾವುದು ನಿಜ?
— ಒಬ್ಬ ಫಿಟ್ಟರ್, ಭೋಸರಿ

ಉತ್ತರ: ಗ್ರಾಫ್ ತೋರಿಸುವಾಗ ಒಂದು ಬಾಯಿ, ಸಂಬಳ ಕೇಳಿದಾಗ ಇನ್ನೊಂದು ಬಾಯಿ. ನಿಮ್ಮ ಪತ್ರ ಓದಿ ನಗು ಬಂತು. ಆಮೇಲೆ ನಮ್ಮ ಕಾಲದ ಒಂದು ಸಂಗತಿ ನೆನಪಾಗಿ ನಗು ನಿಂತಿತು. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಲೆಕ್ಕ. ನೀವು ಕೊಟ್ಟಿರುವುದು ಜನರ ಸಂಖ್ಯೆ ಮತ್ತು ತಲೆವಾರು ಮಾರಾಟ ಮಾತ್ರ. ಉಳಿದದ್ದನ್ನು ಲೆಕ್ಕ ಸುಲಭವಾಗಲಿ ಅಂತ ನಾನೇ ಊಹಿಸಿ ತುಂಬುತ್ತೇನೆ. ಒಂದು ಮಷಿನ್ನಿಗೆ 10 ಲಕ್ಷ ಬೆಲೆ ಅಂದುಕೊಳ್ಳಿ. ಆಗ 40 ಜನ ವರ್ಷಕ್ಕೆ 24 ಮಷಿನ್ ಕಟ್ಟುತ್ತಿದ್ದಿರಿ. ಮಾರಾಟ 2 ಕೋಟಿ 40 ಲಕ್ಷ. ತಲೆಗೆ 6 ಲಕ್ಷ, ಸರಿ ಹೋಯಿತು. ಆ ವರ್ಷ ಕಾಸ್ಟಿಂಗ್ (ಎರಕದ ಭಾಗ), ಸ್ಟೀಲ್, ಬೇರಿಂಗ್, ಮೋಟರ್, ಕರೆಂಟು ಎಲ್ಲ ಸೇರಿ ಹೊರಗೆ ಕೊಟ್ಟ ದುಡ್ಡು 1 ಕೋಟಿ 20 ಲಕ್ಷ ಅಂತ ಇಟ್ಟುಕೊಳ್ಳಿ. ಉಳಿದ 1 ಕೋಟಿ 20 ಲಕ್ಷವೇ ನಿಮ್ಮ ಗೋಡೆಯೊಳಗೆ ಹುಟ್ಟಿದ್ದು. ಆಫೀಸಿನವರು ಇದನ್ನೇ ವ್ಯಾಲ್ಯೂ ಆಡೆಡ್ ಅನ್ನುತ್ತಾರೆ. ಸಂಬಳ, ಬಡ್ಡಿ, ಯಂತ್ರದ ಸವಕಳಿ, ಮಾಲೀಕರ ಲಾಭ, ಎಲ್ಲವೂ ಇದರಲ್ಲೇ ಆಗಬೇಕು. 40 ಜನಕ್ಕೆ ಹಂಚಿದರೆ ತಲೆಗೆ 3 ಲಕ್ಷ.

ಈಗ 30 ಜನ, 30 ಮಷಿನ್, ಮಾರಾಟ 3 ಕೋಟಿ. ತಲೆಗೆ 10 ಲಕ್ಷ. ಚಪ್ಪಾಳೆ. ಆದರೆ ಗೇರ್‌ಬಾಕ್ಸು, ಸ್ಪಿಂಡಲ್ಲು ಹೊರಗಿನಿಂದ ಬಂದು ಖರೀದಿ 2 ಕೋಟಿ 10 ಲಕ್ಷ ಆಗಿದ್ದರೆ? ಉಳಿದದ್ದು 90 ಲಕ್ಷ. 30 ಜನಕ್ಕೆ ಹಂಚಿ ನೋಡಿ. ಮತ್ತೆ ಅದೇ 3 ಲಕ್ಷ! ಮೂರು ವರ್ಷದಲ್ಲಿ ತರಕಾರಿ, ಮನೆ ಬಾಡಿಗೆ ಎಲ್ಲ ಏರಿದೆ. ಹಾಗಾಗಿ ಅದೇ 3 ಲಕ್ಷ ಅಂದರೆ ಇಳಿದ ಹಾಗೆಯೇ.

ಮಷಿನ್ ಎಣಿಸಿದರೂ ಇದೇ ಮೋಸ. ತಲೆಗೆ 0.6 ಮಷಿನ್ ಇದ್ದದ್ದು ಪೂರ್ತಿ 1 ಆಯಿತು ಅನ್ನಿಸುತ್ತದೆ. ಆದರೆ ಅದು ಈಗ ಅದೇ ಮಷಿನ್ ಅಲ್ಲ, ನಿಮ್ಮ ಕೈ ಆಡುವ ಮಟ್ಟಿಗೆ. ಗೇರ್ ಹಾಬಿಂಗ್, ಅಂದರೆ ಗೇರಿನ ಹಲ್ಲು ಕೊರೆಯುವ ಕೆಲಸ, ಮಾಡುತ್ತಿದ್ದ ಹತ್ತು ಜನರ ಕೆಲಸ ಮಾಯವಾಗಿಲ್ಲ. ಚಿಖಲಿಯ ಕಡೆ ಯಾವುದೋ ಶೆಡ್ಡಿನಲ್ಲಿ ಬೇರೆ ಹತ್ತು ಹುಡುಗರು ಅದನ್ನೇ ಮಾಡುತ್ತಿದ್ದಾರೆ, ಬೇರೆ ಮಸ್ಟರಿನಲ್ಲಿ. ಅವರ ಬೆವರು ನಿಮ್ಮ ಕಂಪನಿಗೆ ಚಲನ್ ಆಗಿ ಬರುತ್ತದೆ, ಹಾಜರಿಯಾಗಿ ಅಲ್ಲ.

ಸರ್ಕಾರದ ವಾರ್ಷಿಕ ಕೈಗಾರಿಕಾ ಸಮೀಕ್ಷೆಯಲ್ಲಿ ಈ ಗೊಂದಲ ಬಾರದ ಹಾಗೆ ಲೆಕ್ಕ ಇದೆ. ಕರೆಂಟ್ ಬಳಸಿ 10 ಜನ, ಕರೆಂಟ್ ಇಲ್ಲದೆ 20 ಜನ ಕೆಲಸ ಮಾಡುವ ಕಾರ್ಖಾನೆಗಳಿಂದ ಅದು ಶುರು. ಮಾರಾಟದ ಮಾಲು, ಬೇರೆಯವರಿಗೆ ಮಾಡಿಕೊಟ್ಟ ಜಾಬ್ ವರ್ಕಿನ ದುಡ್ಡು ಒಂದು ಕಡೆ. ಕಚ್ಚಾ ಮಾಲು, ಇಂಧನ, ಹೊರಗೆ ಮಾಡಿಸಿದ ಜಾಬ್ ವರ್ಕಿನ ಬಿಲ್ ಇನ್ನೊಂದು ಕಡೆ. ಕಳೆದದ್ದೇ ಕೂಡಿದ ಮೌಲ್ಯ. ಸವಕಳಿಯನ್ನೂ ಕಳೆದರೆ ನಿವ್ವಳ. ಇನ್ನೊಂದು ವಿಷಯ ಗಮನಿಸಿ. ಅಲ್ಲಿ ಕಾರ್ಮಿಕ ಅಂದರೆ ನೇರ ನೌಕರರಷ್ಟೇ ಅಲ್ಲ, ಏಜೆನ್ಸಿಯಿಂದ ಬಂದವರೂ ಹೌದು. ನಿಮ್ಮ 30 ಜನರಲ್ಲಿ ಕಾಂಟ್ರಾಕ್ಟ್ ಹುಡುಗರು ಸೇರಿದ್ದಾರಾ? ಸುಮ್ನೆ ಒಮ್ಮೆ ಗೇಟಿನಲ್ಲಿ ನಿಂತು ಎಣಿಸಿ. ಹೆಲ್ಪರ್‌ಗಳೆಲ್ಲ "ಸರ್ವೀಸ್ ಖರ್ಚು" ಆಗಿ ಬಿಲ್ಲಿನಲ್ಲಿ ಕೂತಿದ್ದರೆ ತಲೆವಾರು ಲೆಕ್ಕ ತಾನಾಗಿಯೇ ಚಂದ ಕಾಣುತ್ತದೆ.

ಸ್ಟೀಲಿನ ದರವೂ ಆಟ ಆಡುತ್ತದೆ. 2021ರಲ್ಲಿ ಸ್ಟೀಲ್ ಏರಿದ್ದು ನೆನಪಿದೆಯಲ್ವಾ? ಗಿರಾಕಿಗೆ ಬೆಲೆ ಏರಿಸಿದ ಕಂಪನಿಗಳ ತಲೆವಾರು ಮಾರಾಟ ಆ ವರ್ಷ ಜಿಗಿಯಿತು. ಯಾರೂ ಒಂದು ಬೋಲ್ಟ್ ಜಾಸ್ತಿ ಬಿಗಿದಿರಲಿಲ್ಲ. ಸರಿಯಾಗಿ ಹೋಲಿಸಬೇಕಾದರೆ ಮಾರಿದ ಮಾಲನ್ನು ಅದರ ಹಳೆಯ ದರದಲ್ಲಿ, ಕೊಂಡ ಮಾಲನ್ನು ಅದರ ಹಳೆಯ ದರದಲ್ಲಿ, ಬೇರೆ ಬೇರೆಯಾಗಿ ಹಾಕಿ ಆಮೇಲೆ ಕಳೆಯಬೇಕು. ಎರಡಕ್ಕೂ ಒಂದೇ ಕೋಲು ಹಿಡಿದರೆ ತಪ್ಪುತ್ತದೆ.

ಇಷ್ಟು ಓದಿ, ಹೊರಗಿನಿಂದ ಕೊಳ್ಳುವುದೇ ಮೋಸ ಅಂದುಕೊಳ್ಳಬೇಡಿ. ಅದನ್ನು ನಾನು ಒಪ್ಪುವುದಿಲ್ಲ. ನಾನು 1984ರಲ್ಲಿ ಹರಿಹರದಿಂದ ಐಟಿಐ ಸರ್ಟಿಫಿಕೇಟ್ ಹಿಡಿದು ಪುಣೆಗೆ ಬಂದವನು. ನಮ್ಮೂರಿನಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇತ್ತು. ಟರ್ನ್‌ಮಾಸ್ಟರ್ ಲೇತಿನ ಹೆಸರು ಕೇಳುತ್ತಲೇ ಬೆಳೆದೆವು. ಇಲ್ಲಿಗೆ ಬಂದು ಸೇರಿದ ಮೊದಲ ಕಂಪನಿಯಲ್ಲಿ ನನಗೆ ಕೊಟ್ಟದ್ದು ಹೈಸ್ಪೀಡ್ ಸ್ಟೀಲಿನ ಟೂಲ್. ಅದನ್ನು ಗ್ರೈಂಡರಿನಲ್ಲಿ ನಾವೇ ಉಜ್ಜಿ ಚೂಪು ಮಾಡಬೇಕು. 60 ಮಿ.ಮೀ. ವ್ಯಾಸದ ಶಾಫ್ಟ್, 300 ಮಿ.ಮೀ. ಉದ್ದ. ನಿಮಿಷಕ್ಕೆ 30 ಮೀಟರ್ ವೇಗ ಅಂದರೆ ಶಾಫ್ಟ್ ಸುಮಾರು 160 ಸುತ್ತು. ಪ್ರತಿ ಸುತ್ತಿಗೂ ಟೂಲ್ 0.3 ಮಿ.ಮೀ. ಮುಂದೆ ಸರಿಯಬೇಕು. ಒಂದು ಕಟ್ ಮುಗಿಯಲು ಆರು ನಿಮಿಷ ಚಿಲ್ಲರೆ. ಆ ಆರು ನಿಮಿಷದಲ್ಲಿ ನಾನು ಊರಿಗೆ ಬರೆಯುವ ಪತ್ರವನ್ನು ಮನಸ್ಸಿನಲ್ಲೇ ಪೂರ್ತಿ ಬರೆದು ಮುಗಿಸುತ್ತಿದ್ದೆ.

ಆಮೇಲೆ ಕೋಟಿಂಗ್ ಇರುವ ಕಾರ್ಬೈಡ್ ಇನ್ಸರ್ಟ್, ಅಂದರೆ ಟೂಲಿನ ತುದಿಗೆ ಕೂರಿಸುವ ಗಟ್ಟಿ ತುಂಡು, ಬಂತು. ಅದೂ ಕೊಂಡ ಮಾಲೇ. ಸ್ಟೋರ್ಸಿನವರು ಒಂದೊಂದನ್ನೂ ಚಿನ್ನದ ಹಾಗೆ ಎಣಿಸಿ ಕೊಡುತ್ತಿದ್ದರು, ಹಳೆಯದನ್ನು ತಂದರೆ ಮಾತ್ರ ಹೊಸದು. ವೇಗ 180 ಮೀಟರ್. ಶಾಫ್ಟ್ 950ರ ಮೇಲೆ ಸುತ್ತಿತು, ಅದೇ ಕಟ್ ಒಂದು ನಿಮಿಷಕ್ಕೆ ಮುಗಿಯಿತು. ನಮ್ಮ ಮ್ಯಾನೇಜರ್ ಆರು ಪಟ್ಟು ಉತ್ಪಾದನೆ ಕೇಳಿದರು! ಆದರೆ ಶಾಫ್ಟ್ ಎತ್ತಿ ಇಡುವುದು, ಸೆಂಟರ್ ಹಿಡಿಸುವುದು, ಅಳೆಯುವುದು ಮೊದಲಿನ ಹಾಗೇ ನಾಲ್ಕು ನಿಮಿಷ. ಹತ್ತು ನಿಮಿಷದ ಕೆಲಸ ಐದಕ್ಕೆ ಬಂತು. ಶಿಫ್ಟಿನಲ್ಲಿ 420 ನಿಮಿಷ ಸಿಕ್ಕರೆ 42 ಶಾಫ್ಟ್ ಆಗುತ್ತಿದ್ದದ್ದು 84. ಆರು ಪಟ್ಟಲ್ಲ, ಎರಡು ಪಟ್ಟು. ಅದೂ ಲೇತಿನ ಬೆಲ್ಟು ಜಾರದಿದ್ದರೆ.

ಈ ಎರಡು ಪಟ್ಟು ಸುಳ್ಳಲ್ಲ. ಇನ್ಸರ್ಟಿನ ಖರ್ಚು ಕಳೆದ ಮೇಲೂ ನನ್ನ ಒಂದು ಗಂಟೆಗೆ ಬೆಲೆ ಜಾಸ್ತಿ ಬಂತು. ನನ್ನ ಕೈಗೆ ಒಳ್ಳೆ ಸಾಮಾನು ಕೊಟ್ಟದ್ದರಿಂದ ಅದೇ ಕೈ ಜಾಸ್ತಿ ಮಾಡಿತು. ಗೇರ್‌ಬಾಕ್ಸ್ ಹೊರಗೆ ಕೊಟ್ಟಾಗ ಆದದ್ದು ಬೇರೆ. ಅಲ್ಲಿ ಕೈಯನ್ನೇ ಬೇರೆ ಮನೆಗೆ ಕಳಿಸಿದ್ದು. ಎರಡೂ "ಖರೀದಿ" ಎನ್ನುವ ಒಂದೇ ಖಾತೆಯಲ್ಲಿ ಬರೆದುಕೊಳ್ಳುತ್ತವೆ, ತೊಂದರೆ ಅಲ್ಲಿಂದ ಶುರು.

ನಡುವಿನ ಜಾತಿಯೂ ಒಂದಿದೆ. ಮೊದಲು ಮಷಿನ್ನಿನ ಸ್ಲೈಡಿಗೆ ನಾವೇ ಸ್ಕ್ರೇಪಿಂಗ್ ಮಾಡುತ್ತಿದ್ದೆವು. ನೀಲಿ ಬಣ್ಣ ಹಚ್ಚಿ, ಸ್ಟ್ರೇಟ್ ಎಡ್ಜ್ ಇಟ್ಟು, ಎಲ್ಲಿ ತಾಗಿದೆ ನೋಡಿ, ಕೂದಲೆಳೆಯಷ್ಟು ಕೆತ್ತಿ, ಮತ್ತೆ ನೀಲಿ. ಒಂದು ಬೆಡ್ಡಿಗೆ (ಮಷಿನ್ನಿನ ಬುಡದ ಎರಕ) ನಮ್ಮಲ್ಲಿ ಇಬ್ಬರಿಗೆ ವಾರ ಮೀರಿ ಕೆಲಸ. ಮನೆಗೆ ಹೋದರೆ ಉಗುರಿನ ನೀಲಿ ಹೋಗುತ್ತಿರಲಿಲ್ಲ, ನನ್ನ ಹೆಂಡತಿ ಚಪಾತಿ ಹಿಟ್ಟು ಮುಟ್ಟಲು ಬಿಡುತ್ತಿರಲಿಲ್ಲ. ಆಮೇಲೆ ಜಪಾನ್, ತೈವಾನಿನಿಂದ ಲೀನಿಯರ್ ಗೈಡ್, ಅಂದರೆ ಸ್ಲೈಡ್ ಓಡುವ ಸಿದ್ಧ ಹಳಿಗಳು, ಬಂದವು. ಗ್ರೈಂಡಿಂಗ್ ಆದ ಮೇಲ್ಮೈಗೆ ಇಟ್ಟು ಬೋಲ್ಟ್ ಬಿಗಿದು, ಡಯಲ್ ಹಿಡಿದು ನೇರ ಮಾಡಿದರೆ ಮುಗಿಯಿತು. ಸ್ಲೈಡಿನ ಓಟವೂ ಜೋರಾಯಿತು. ಭಾರಿ ಕಟ್ ಹಾಕುವಾಗ, ನಡುಕ ತಡೆಯಲು ನಾವು ಕೆತ್ತುತ್ತಿದ್ದಂಥ ಹಳೆಯ ಬಾಕ್ಸ್ ವೇ ಈಗಲೂ ಒಳ್ಳೆಯದು ಅನ್ನಿ. ಆದರೆ ಮಾಮೂಲಿ ಕೆಲಸಕ್ಕೆ ನಮ್ಮ ಕೈಗಿಂತ ಆ ಗೈಡೇ ವಾಸಿ ಎಂದು ಒಪ್ಪಲು ನನಗೆ ಎರಡು ವರ್ಷ ಬೇಕಾಯಿತು. ಅಲ್ಲಿ ನಮ್ಮ ಕೆಲಸ ಬರೀ ಜಾಗ ಬದಲಿಸಲಿಲ್ಲ. ಒಟ್ಟು ಕೆಲಸವೇ ಕಡಿಮೆಯಾಯಿತು, ಯಾಕೆಂದರೆ ಗೈಡ್ ಮಾಡುವವರು ಲಕ್ಷಗಟ್ಟಲೆ ಮಾಡುತ್ತಾರೆ.

ಹಾಗಾದರೆ ನಿಮ್ಮ ಗೇರ್‌ಬಾಕ್ಸ್ ಯಾವ ಜಾತಿ? ಇದನ್ನು ನೀವೇ ನೋಡಬೇಕು. ಹೊರಗಿನವನು ಗೇರ್ ಮಾತ್ರ ಮಾಡುವವನು, ಒಳ್ಳೆ ಯಂತ್ರ ಇದೆ, ಹತ್ತು ಕಂಪನಿಗೆ ಕೊಡುತ್ತಾನೆ ಎಂದಾದರೆ ಅವನಲ್ಲಿ ಗಂಟೆಗಳು ನಿಜಕ್ಕೂ ಉಳಿಯುತ್ತವೆ. ನಿಮ್ಮ ಕಂಪನಿಯ ಹಳೆಯ ಹಾಬಿಂಗ್ ಮಷಿನ್ನನ್ನೇ ಕೊಂಡೊಯ್ದು, ಕಡಿಮೆ ಸಂಬಳದ ಹುಡುಗರನ್ನು ನಿಲ್ಲಿಸಿದ್ದರೆ ಉಳಿದದ್ದು ಸಂಬಳ ಮಾತ್ರ, ಕೆಲಸ ಅಲ್ಲ.

ಅಗ್ರಿಮೆಂಟಿಗೆ ಕೂರುವ ಮೊದಲು ಮಾಡಬೇಕಾದದ್ದು ಇಷ್ಟು. ತಲೆವಾರು ಮಾರಾಟ ಬಿಡಿ, ಖರೀದಿಯ ಅಂಕಿ ಕೇಳಿ. ನಿಮ್ಮದು ಲಿಮಿಟೆಡ್ ಕಂಪನಿಯಾದರೆ ಸರ್ಕಾರಕ್ಕೆ ಪ್ರತಿ ವರ್ಷ ಸಲ್ಲಿಸುವ ಲೆಕ್ಕಪತ್ರದಲ್ಲಿ ಬಳಸಿದ ಮಾಲಿನ ಖರ್ಚು ಬೇರೆಯಾಗಿ ಬರೆದಿರುತ್ತದೆ. ಜಾಬ್ ವರ್ಕಿನ ಬಿಲ್ಲು ಕೆಲವು ಸಲ ಅಲ್ಲಿರುವುದಿಲ್ಲ, "ಇತರೆ ಖರ್ಚು" ಕೆಳಗೆ ಅಡಗಿ ಕೂತಿರುತ್ತದೆ. ಅಲ್ಲಿಯೂ ಇಣುಕಿ. ನನ್ನ ಊಹೆಯ 2 ಕೋಟಿ 10 ಲಕ್ಷದ ಬದಲು ಖರೀದಿ 1 ಕೋಟಿ 80 ಲಕ್ಷ ಇದ್ದರೆ, ಒಳಗೆ ಹುಟ್ಟಿದ್ದು 1 ಕೋಟಿ 20 ಲಕ್ಷ, ತಲೆಗೆ 4 ಲಕ್ಷ. ಆಗ ಮೂರು ನಾಲ್ಕಾಗಿದೆ, ನಮ್ಮ ಪಾಲೆಷ್ಟು ಎಂದು ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ. "ನೀವೇನು ಜಾಸ್ತಿ ಮಾಡಿದಿರಿ" ಎಂಬ ಮಾತಿಗೆ ಉತ್ತರ ಆ ಅಂಕಿಯಲ್ಲೇ ಇರುತ್ತದೆ, ಇಲ್ಲದಿದ್ದರೂ ಅಲ್ಲೇ ಗೊತ್ತಾಗುತ್ತದೆ.

ಈಗ ಆ ಹಳೆಯ ಸಂಗತಿ. ತೊಂಬತ್ತರ ದಶಕದಲ್ಲಿ ನಮ್ಮ ಕಂಪನಿಯಲ್ಲಿ ಇನ್ಸೆಂಟಿವ್ ಲೆಕ್ಕ ಸ್ಟ್ಯಾಂಡರ್ಡ್ ಗಂಟೆಯ ಮೇಲೆ, ಅಂದರೆ ಒಂದು ಕೆಲಸಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ಗಂಟೆಯ ಮೇಲೆ ಇತ್ತು. ಒಂದು ಮಷಿನ್ನಿಗೆ 900 ಗಂಟೆ ಎಂದು ಬರೆದಿತ್ತು. ಗೇರುಗಳು ಹೊರಗೆ ಹೋದವು, ಸುಮಾರು 300 ಗಂಟೆಯ ಕೆಲಸ. ಪ್ಲಾನಿಂಗ್ ಆಫೀಸು 900 ಅನ್ನು 600 ಮಾಡಲು ಮರೆಯಿತು. ಏಳು ತಿಂಗಳು ನಮಗೆ ಮಾಡದ ಕೆಲಸಕ್ಕೆ ಇನ್ಸೆಂಟಿವ್ ಬಂತು. ಯೂನಿಯನ್ ಕಮಿಟಿಯಲ್ಲಿ ನಾನೂ ಇದ್ದೆ. ಗೊತ್ತಿತ್ತು. ಬಾಯಿ ಬಿಡಲಿಲ್ಲ. ಆ ದೀಪಾವಳಿಗೆ ಮನೆಗೆ ಫ್ರಿಜ್ ಬಂತು. ಸಿಕ್ಕಿಬಿದ್ದ ಮೇಲೆ ಮುಂದಿನ ಅಗ್ರಿಮೆಂಟಿನಲ್ಲಿ ನಮ್ಮ ಒಂದು ಮಾತನ್ನೂ ಅವರು ನಂಬಲಿಲ್ಲ. ನಿಮ್ಮ ಗೇರ್‌ಬಾಕ್ಸ್, ಸ್ಪಿಂಡಲ್ಲಿನ ಗಂಟೆ ನಿಮ್ಮ ಸ್ಟ್ಯಾಂಡರ್ಡಿನಿಂದ ತೆಗೆದಿದ್ದಾರಾ ಎಂದೂ ನೋಡಿಕೊಳ್ಳಿ. ತೆಗೆದಿಲ್ಲವಾದರೆ ನೀವೇ ಮೊದಲು ಹೇಳಿಬಿಡಿ.

ಪ್ರಶ್ನೆ: ತಳವಡೆಯಲ್ಲಿ ನನ್ನದು ಸಣ್ಣ ವರ್ಕ್‌ಶಾಪ್, 11 ಜನ. ಟರ್ನಿಂಗ್, ಮಿಲ್ಲಿಂಗ್ ಮಾಡುತ್ತೇವೆ. ವರ್ಷದ ವಹಿವಾಟು 1 ಕೋಟಿ 80 ಲಕ್ಷ, ಅದರಲ್ಲಿ ಸ್ಟೀಲೇ 1 ಕೋಟಿ 15 ಲಕ್ಷ. ದೊಡ್ಡ ಗಿರಾಕಿಯೊಬ್ಬರು ಇನ್ನು ಮೇಲೆ ಸ್ಟೀಲ್ ತಾವೇ ಕೊಡುತ್ತಾರಂತೆ, ನಾವು ಬರೀ ಲೇಬರಿನ ಬಿಲ್ ಹಾಕಬೇಕಂತೆ. ವರ್ಷಕ್ಕೆ 62 ಲಕ್ಷ ಆಗಬಹುದು. ನನ್ನ ವಹಿವಾಟು ಮೂರನೇ ಒಂದಕ್ಕೆ ಬಿದ್ದರೆ ಬ್ಯಾಂಕಿನವರು ಏನನ್ನುತ್ತಾರೋ ಎಂದು ನಿದ್ದೆ ಇಲ್ಲ.
— ವರ್ಕ್‌ಶಾಪ್ ಮಾಲೀಕ, ತಳವಡೆ

ಉತ್ತರ: ಮೊದಲ ಪತ್ರದ ಲೆಕ್ಕವನ್ನೇ ತಿರುಗಿಸಿ ನೋಡಿ. ಈಗ ಸ್ಟೀಲ್ ಕಳೆದು ನಿಮ್ಮಲ್ಲಿ ಉಳಿಯುವುದು 65 ಲಕ್ಷ. ನಾಳೆ 62 ಲಕ್ಷ. ಕಡಿಮೆಯಾದದ್ದು 3 ಲಕ್ಷವೇ ಹೊರತು 1 ಕೋಟಿ 18 ಲಕ್ಷ ಅಲ್ಲ. ನಿಮ್ಮ 11 ಜನ ಅದೇ ಕೆಲಸ, ಅದೇ ಗಂಟೆ ಮಾಡುತ್ತಾರೆ.

ಆ 3 ಲಕ್ಷ ಎಲ್ಲಿಂದ ಹೋಯಿತು? ಸ್ಟೀಲಿನ ಮೇಲೆ ನೀವು ಇಟ್ಟುಕೊಳ್ಳುತ್ತಿದ್ದ ಚೂರು ಲಾಭ. ಎದುರಿಗೆ ನೀವು ಉಳಿಸಿದ್ದು ಬಡ್ಡಿ. ಸ್ಟೀಲ್ ಕೊಂಡು, ಮಾಲು ಮಾಡಿ, ದುಡ್ಡು ಬರಲು ಎರಡು ತಿಂಗಳು ಅಂದರೆ ಯಾವಾಗಲೂ ಸುಮಾರು 19 ಲಕ್ಷ ನಿಮ್ಮದು ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ನೂರಕ್ಕೆ 11ರ ಬಡ್ಡಿ ಹಾಕಿದರೆ ವರ್ಷಕ್ಕೆ 2 ಲಕ್ಷದ ಮೇಲೆ. ಹಾಗಾಗಿ ನಿಜವಾದ ನಷ್ಟ 1 ಲಕ್ಷದ ಆಸುಪಾಸು. ಅದನ್ನು ಲೇಬರ್ ರೇಟಿನಲ್ಲಿ ಕೇಳಿ ಪಡೆಯಬಹುದು.

ನೀವು ಕೇಳದೇ ಇರುವ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಭಂಗಾರ್, ಅಂದರೆ ಗುಜರಿ, ಯಾರದು? ಟರ್ನಿಂಗಿನಲ್ಲಿ ಉದುರುವ ಲೋಹದ ಚೂರು (ಚಿಪ್ಸ್) ಮಾರಿದ ದುಡ್ಡು ಇಷ್ಟು ದಿನ ನಿಮ್ಮ ಗಲ್ಲಾಕ್ಕೆ ಬರುತ್ತಿತ್ತು. ಅವರ ಸ್ಟೀಲ್ ಅಂದಮೇಲೆ ಚಿಪ್ಸೂ ಅವರದು ಎಂದು ಆರು ತಿಂಗಳ ಮೇಲೆ ಆಡಿಟರ್ ಬಂದು ಹೇಳಿದರೆ? ಈಗಲೇ ಆರ್ಡರಿನಲ್ಲಿ ಬರೆಸಿಕೊಳ್ಳಿ. ಕೆಟ್ಟ ಪೀಸಿಗೆ ಸ್ಟೀಲಿನ ಬೆಲೆಯನ್ನೂ ಕಡಿಯುತ್ತಾರಾ, ಸ್ಟೀಲ್ ತಡವಾಗಿ ಬಂದು ನಿಮ್ಮ ಹುಡುಗರು ಖಾಲಿ ಕೂತರೆ ಆ ದಿನಕ್ಕೆ ಏನು ಕೊಡುತ್ತಾರೆ, ಇವೂ ಇರಲಿ. ಖಾಲಿ ಕೂತ ದಿನದ ಮಾತಿಗೆ ಅವರು ಮುಖ ಸಿಂಡರಿಸುತ್ತಾರೆ. ಆದರೂ ಕೇಳಿ. ಮಾಲು ನಿಮ್ಮ ಕೈಯಲ್ಲಿದ್ದಾಗ ತಡ ಆಗದಂತೆ ನೀವೇ ಓಡಾಡುತ್ತಿದ್ದಿರಿ. ಈಗ ಆ ಲಗಾಮು ಅವರ ಕೈಯಲ್ಲಿ.

ಬ್ಯಾಂಕಿನ ವಿಷಯ. ಸಣ್ಣ ಉದ್ದಿಮೆಗಳಿಗೆ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಲೆಕ್ಕದಂತೆ ಅಂದಾಜು ವಹಿವಾಟಿನ ನೂರಕ್ಕೆ 20ರಷ್ಟು ಸಾಲದ ಲಿಮಿಟ್ ಕೊಡುತ್ತಾರೆ. 1 ಕೋಟಿ 80 ಲಕ್ಷಕ್ಕೆ 36 ಲಕ್ಷ ಆಗುತ್ತಿತ್ತು, 62 ಲಕ್ಷಕ್ಕೆ 12 ಲಕ್ಷ ಚಿಲ್ಲರೆ. ಕಡಿಮೆ ಆಯಿತು ನಿಜ, ಸ್ಟೀಲ್ ಕೊಳ್ಳುವ ಅಗತ್ಯವೂ ಹೋಯಿತು. ಮ್ಯಾನೇಜರ್ ಹತ್ತಿರ ವಹಿವಾಟಿನ ಕಾಗದ ಒಂದನ್ನೇ ಒಯ್ಯಬೇಡಿ. ಸ್ಟೀಲ್ ಕಳೆದು ಉಳಿದದ್ದನ್ನು ಎರಡೂ ವರ್ಷಕ್ಕೆ ಅಕ್ಕಪಕ್ಕ ಬರೆದು ಒಯ್ಯಿರಿ. ಮತ್ತೆ, ಜಿಎಸ್‌ಟಿಯಲ್ಲಿ ಜಾಬ್ ವರ್ಕಿಗೆ ಬಂದ ಮಾಲು ಒಂದು ವರ್ಷದೊಳಗೆ ವಾಪಸ್ ಹೋಗಬೇಕು. ಚಲನ್‌ಗಳನ್ನು ಗೋಣಿಚೀಲಕ್ಕೆ ತುಂಬುವ ಅಭ್ಯಾಸ ಇದ್ದರೆ ಬಿಡಿ. (ನನಗೆ ಗೊತ್ತಿರುವ ಒಬ್ಬರಿಗೆ ಇತ್ತು. ಇಲಿ ತಿಂದಿತು.)

ಪ್ರಶ್ನೆ: ನಾನು ಚಾಕಣದ ಒಂದು ಕಂಪನಿಯಲ್ಲಿ ಇನ್‌ಕಮಿಂಗ್ ಇನ್‌ಸ್ಪೆಕ್ಷನ್ ನೋಡುತ್ತೇನೆ. ಹೊರಗಿನಿಂದ ಬರುವ ಮಾಲು ಜಾಸ್ತಿ ಆದ ಹಾಗೆ ನಮ್ಮ ಕೆಲಸವೂ ಜಾಸ್ತಿ. ಆದರೆ ನಮ್ಮನ್ನು "ಉತ್ಪಾದನೆ ಮಾಡದ ಜನ" ಎಂದು ಬರೆದು, ಇಬ್ಬರನ್ನು ಕಡಿಮೆ ಮಾಡುತ್ತಾರಂತೆ. ಏನು ಹೇಳಲಿ?
— ಒಬ್ಬ ಓದುಗಿ, ಚಾಕಣ

ಉತ್ತರ: ನನ್ನ ಒಂದು ಬೆಡ್ಡಿನ ಕತೆ ಹೇಳಮ್ಮ ಅವರಿಗೆ. ಆಗ ನಾನು ಮಷಿನ್ ಶಾಪಿನ ಸೂಪರ್‌ವೈಸರ್. ಪರ್ಚೇಸಿನವರು ಕಾಸ್ಟಿಂಗಿಗೆ ಹೊಸ ಫೌಂಡ್ರಿ ಹುಡುಕಿದರು, ಕಿಲೋಗೆ ನಾಲ್ಕು ರೂಪಾಯಿ ಅಗ್ಗ. ಬೆಡ್ ಬಂತು. ರಫ್ ಮಿಲ್ಲಿಂಗ್ ಮಾಡಿದೆವು, ಸ್ಟ್ರೆಸ್ ರಿಲೀವಿಂಗಿಗೆ ಕಳಿಸಿ ತರಿಸಿದೆವು, ಡ್ರಿಲ್ಲಿಂಗ್, ಟ್ಯಾಪಿಂಗ್ ಆಯಿತು. ಕೊನೆಯ ಫಿನಿಷಿಂಗ್ ಕಟ್ಟಿನಲ್ಲಿ, ಸರಿಯಾಗಿ ಗೈಡ್ ಕೂರುವ ಜಾಗದಲ್ಲಿ, ಕಡಲೆಕಾಳಿನಷ್ಟು ಬ್ಲೋಹೋಲ್ (ಎರಕದೊಳಗಿನ ಗಾಳಿಗುಳ್ಳೆ) ಬಾಯಿ ತೆರೆಯಿತು. ಅಲ್ಲಿಯವರೆಗೆ ಮೂರು ಜನ ಸೇರಿ 38 ಗಂಟೆ ಹಾಕಿದ್ದೆವು. ಭಂಗಾರ್. ಫೌಂಡ್ರಿಯವರು ಇನ್ನೊಂದು ಕಾಸ್ಟಿಂಗ್ ಪುಕ್ಕಟೆ ಕೊಟ್ಟರು. ಗಂಟೆಗಳನ್ನು ಯಾರು ಕೊಡುತ್ತಾರೆ?

ತಿಂಗಳ ಕೊನೆಗೆ ವರದಿ ಬಂತು. ಕಿಲೋಗೆ ನಾಲ್ಕು ರೂಪಾಯಿ ಉಳಿಸಿದ್ದಕ್ಕೆ ಪರ್ಚೇಸಿಗೆ ಹೊಗಳಿಕೆ. ಉತ್ಪಾದಕತೆ ಇಳಿದಿದ್ದಕ್ಕೆ ನನಗೆ ಬೈಗುಳ. ಅದೇ ಬೆಡ್, ಎರಡು ಖಾತೆ.

ಆಮೇಲೆ ನಾನು ಮಾಡಿದ ಕೆಲಸವನ್ನೇ ನೀನೂ ಮಾಡು. ಒಂದು ನೋಟ್‌ಬುಕ್ ಇಡು. ಯಾವ ವೆಂಡರ್, ಯಾವ ಮಾಲು, ನಮ್ಮ ಎಷ್ಟು ಗಂಟೆ ಹಾಳಾಯಿತು. ಬ್ಲೋಹೋಲ್ ಮಾತ್ರ ಅಲ್ಲ. ಕಡಿದು ತೆಗೆಯಲು ಬಿಡುವ ದಪ್ಪ (ಅಲೋಯನ್ಸ್) ಮೂರು ಮಿ.ಮೀ. ಇರಬೇಕಾದಲ್ಲಿ ಎಂಟು ಬಂದರೆ ಎರಡು ಕಟ್ ಜಾಸ್ತಿ, ಅದನ್ನೂ ಬರಿ. ಗಟ್ಟಿ ಚುಕ್ಕೆ ಸಿಕ್ಕು ಟೂಲ್ ಮುರಿದದ್ದು ಬರಿ. ಒಂದು ವಾಲ್ವ್ ಬಾರದೆ ಮುಗಿದ ಮಷಿನ್ ಒಂಬತ್ತು ದಿನ ನಿಂತದ್ದು ಬರಿ. 2021ರಲ್ಲಿ ಜಗತ್ತಿನಲ್ಲೆಲ್ಲ ಎಲೆಕ್ಟ್ರಾನಿಕ್ ಚಿಪ್ ಕೊರತೆ ಆದಾಗ ಕಂಟ್ರೋಲರ್‌ಗೆ ಕಾದು ಕಾದು ನನ್ನ ಹಳೆಯ ಗೆಳೆಯರು ಒಂದು ಮಷಿನ್ನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಿದ್ದರಂತೆ. ಬಿಚ್ಚುವುದಕ್ಕೂ ಗಂಟೆ, ಹಾಕುವುದಕ್ಕೂ ಗಂಟೆ. ಮೂರು ತಿಂಗಳ ಪುಸ್ತಕ ಎದುರಿಗಿಟ್ಟು, ನೀನು ಗೇಟಿನಲ್ಲೇ ಹಿಡಿದ ಮಾಲಿನ ಪಟ್ಟಿಯನ್ನೂ ಪಕ್ಕದಲ್ಲಿಡು. ಇಬ್ಬರನ್ನು ತೆಗೆದರೆ ಎಷ್ಟು ಗಂಟೆ ಒಳಗೆ ಸೋರುತ್ತದೆ ಎಂದು ಅವರೇ ಗುಣಿಸಲಿ. ನಿಜಕ್ಕೂ ಒಳ್ಳೆಯ ವೆಂಡರ್ ಇದ್ದರೆ ಅವನ ಮಾಲನ್ನು ಪೂರ್ತಿ ನೋಡುವುದು ದಂಡ. ಅದನ್ನು ನೀನೇ ಹೇಳಿ ಬಿಟ್ಟುಕೊಡು, ಉಳಿದ ಮಾತಿಗೆ ತೂಕ ಬರುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಯಂತ್ರೋದ್ಯಮದ ಉತ್ಪಾದಕತೆ ಮೇಲೆ ಪ್ರಾಜೆಕ್ಟ್. ಗೈಡ್ ಸರ್ "ಕ್ಲೆಮ್ಸ್ ನೋಡು" ಎಂದು ಹೇಳಿ ಹೋದರು. ಏನದು?
— ವಿದ್ಯಾರ್ಥಿ, ನಿಗಡಿ

ಉತ್ತರ: ಉತ್ಪಾದಕತೆ ಲೆಕ್ಕ ಹಾಕುವ ಒಂದು ವಿಧಾನ. ಐದು ಇಂಗ್ಲಿಷ್ ಅಕ್ಷರ (KLEMS): ಬಂಡವಾಳ, ದುಡಿಮೆ, ಇಂಧನ, ಮಾಲು, ಸೇವೆ. ಕೊನೆಯ ಮೂರೂ ಹೊರಗಿನಿಂದ ಕೊಂಡದ್ದು. ಭಾರತದ ಅಂಕಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲೇ ಸಿಗುತ್ತದೆ, 1980–81ರಿಂದ, 27 ಉದ್ಯಮಗಳಿಗೆ. ಯಂತ್ರೋಪಕರಣ ಅದರಲ್ಲಿ ಒಂದು.

ಒಬ್ಬನ ಉತ್ಪಾದನೆ ಏರಿತು ಅಂದರೆ ಮೂರು ಕಡೆಯಿಂದ ಬಂದಿರಬೇಕು. ಒಬ್ಬನ ಕೈಗೆ ಯಂತ್ರ ಜಾಸ್ತಿ ಸಿಕ್ಕಿತು. ಒಬ್ಬನ ಪಾಲಿಗೆ ಕೊಂಡ ಮಾಲು ಜಾಸ್ತಿ ಬಂತು. ಈ ಎರಡನ್ನೂ ಕಳೆದು ಉಳಿದದ್ದು ಜಾಣತನ, ಒಳ್ಳೆ ವಿನ್ಯಾಸ, ಒಳ್ಳೆ ವ್ಯವಸ್ಥೆ, ಅದರ ಜೊತೆಗೆ ನಮ್ಮ ಅಳತೆಯ ತಪ್ಪುಗಳೂ. ಒಟ್ಟು ಉತ್ಪಾದನೆಯ ಬೆಲೆಯಲ್ಲಿ ಕೊಂಡ ಮಾಲಿನ ಪಾಲು ನೂರಕ್ಕೆ 70 ಅಂತಿರಲಿ. ತಲೆವಾರು ಕೊಂಡ ಮಾಲು ನೂರಕ್ಕೆ 10 ಏರಿದರೆ, ತಲೆವಾರು ಉತ್ಪಾದನೆಯ ಏರಿಕೆಯಲ್ಲಿ 7 ಅಲ್ಲಿಂದಲೇ ಬಂತು. ಒಟ್ಟು ಏರಿದ್ದು 9 ಆದರೆ, ಯಂತ್ರಕ್ಕೆ ಮತ್ತು ಜಾಣತನಕ್ಕೆ ಸೇರಿ ಉಳಿದದ್ದು 2. ಭೋಸರಿಯ ಫಿಟ್ಟರ್ ಕೇಳಿದ ಪ್ರಶ್ನೆಯೇ ಇದು, ಕೋಟು ಹಾಕಿಕೊಂಡು ಬಂದಿದೆ ಅಷ್ಟೆ.

ಪ್ರಾಜೆಕ್ಟಿಗೆ ಬರೀ ಅಂಕಿ ಸಾಲದು. ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಎರಡು ದಿನ ಕೂತು, ಗೇಟಿನಿಂದ ಏನೇನು ಒಳಗೆ ಬರುತ್ತದೆ ಎಂದು ಬರೆದುಕೋ. ಭೋಸರಿಗೆ ಹೋಗುವುದಾದರೆ ಗುರುವಾರ ಬೇಡ, ಅವತ್ತು ಅಲ್ಲಿ ವಾರದ ರಜೆ. ಮುಗಿದ ಮೇಲೆ ನನಗೊಂದು ಪ್ರತಿ ಕಳಿಸು. ನಿವೃತ್ತನಾಗಿ ಇಷ್ಟು ವರ್ಷವಾದರೂ ನನಗೆ ಈಗಲೂ ಗುರುವಾರವೇ ಭಾನುವಾರ, ಅವತ್ತು ಓದುತ್ತೇನೆ.